ಹಳೆಯ ಕಾರಿನ ಚಕ್ರವೂ ಹೊಸ ಬಿಲ್ಲೆಯೂ

ಮೋಟಾರು ಕಾರಿನ ಟೈರು ಒಳಗೆಲ್ಲೋ ತಾಕಿ ಉಜ್ಜುತ್ತದೆ. ಅದನ್ನು ತಪ್ಪಿಸಲು ಚಕ್ರದ ಹಿಂದೆ ಒಂದು ಲೋಹದ ಬಿಲ್ಲೆಯನ್ನಿಟ್ಟು ನಟ್ಟು ಬಿಗಿಯುತ್ತಾರೆ. ಇದು ಗ್ಯಾರೇಜಿನ ಮಾತಾಯಿತು, ವಿಜ್ಞಾನದ ಪತ್ರಿಕೆಗೆ ಇದರ ಗೊಡವೆಯೇಕೆ ಎಂದು ವಾಚಕರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಆದರೆ ಸನ್ನೆಯ ನಿಯಮ, ಘರ್ಷಣೆಯ ನಿಯಮ, ಹೂಕನ ನಿಯಮ ಇವು ಮೂರನ್ನೂ ನಾವು ತರಗತಿಯಲ್ಲಿ ವರ್ಷ ವರ್ಷವೂ ಬೋಧಿಸುತ್ತ ಬಂದಿದ್ದೇವೆ. ಪರೀಕ್ಷೆಯಲ್ಲಿ ಅವುಗಳ ಮೇಲೆ ಪ್ರಶ್ನೆ ಕೇಳಿ ಅಂಕ ಕೊಟ್ಟಿದ್ದೇವೆ. ಹೀಗಿದ್ದೂ ಆ ಮೂರು ನಿಯಮಗಳೂ ಒಟ್ಟಿಗೆ ಕೂಡುವ ಅಂಗೈಯಗಲದ ಒಂದು ಬಿಲ್ಲೆ ನಮ್ಮ ಮನೆಯ ಕಾರಿಗೇ ಬಂದಾಗ, ಲೆಕ್ಕ ಹಾಕುವ ಬುದ್ಧಿ ನಮಗೆ ಹೊಳೆಯಲಿಲ್ಲ. ಅದರ ಫಲವನ್ನು ಚಾರ್ಮಾಡಿ ಘಟ್ಟದ ಒಂದು ತಿರುವಿನಲ್ಲಿ ಕಂಡೆವು. ಈ ಲೇಖನಕ್ಕೆ ಅದೇ ಕಾರಣ.

ನಮ್ಮಲ್ಲಿ 1972ರ ಒಂದು ಅಂಬಾಸಿಡರ್ ಕಾರು ಇದೆ. ತಾತನವರು ಕೊಂಡದ್ದು, ತಂದೆಯವರು ಉಳಿಸಿದ್ದು, ಈಗ ನಮ್ಮ ಪಾಲಿಗೆ ಬಂದಿರುವುದು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಎಂಬ ಕಾರಿನ ಮೂರನೆಯ ಮಾದರಿಯನ್ನು ಅನುಸರಿಸಿ, ಕೋಲ್ಕತ್ತದ ಬಳಿಯ ಉತ್ತರಪಾರಾದಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾಗುತ್ತಿದ್ದ ಈ ಬಂಡಿಯನ್ನು ನಮ್ಮ ದೇಶದಲ್ಲಿ ಕಾಣದವರು ವಿರಳ. ಹಿಂದಿನ ಚಕ್ರಗಳ ಒಳಮಗ್ಗುಲಿಗೆ ಸಮೀಪವಾಗಿಯೇ ಪಟ್ಟಿ ಸ್ಪ್ರಿಂಗುಗಳು ಹಾದುಹೋಗುತ್ತವೆ. ಇಂಥ ಹಳೆಯ ಕಾರುಗಳಿಗೆ 5.90 ಅಂಗುಲ, ಎಂದರೆ ಸುಮಾರು 150 ಮಿ.ಮೀ. ಅಗಲದ ಟೈರು ಹಾಕುವುದು ವಾಡಿಕೆಯಾಗಿತ್ತು. ಆ ಅಗಲಕ್ಕೆ ತಕ್ಕಂತೆ ಟೈರಿಗೂ ಸ್ಪ್ರಿಂಗಿಗೂ ನಡುವೆ ತಯಾರಕರು ತೆರಪು ಬಿಟ್ಟಿದ್ದರು. ಎರಡು ಬೆರಳು ಸಲೀಸಾಗಿ ನುಗ್ಗುವಷ್ಟು ತೆರಪು ಅದು.

ಹಳೆಯ ಟೈರುಗಳು ಸವೆದಾಗ ನಾವು 185 ಮಿ.ಮೀ. ಅಗಲದ ಟೈರನ್ನೂ ಅದಕ್ಕೆ ಹೊಂದುವ ಬೇರೆ ರಿಮ್ಮನ್ನೂ ಹಾಕಿಸಿದೆವು. ಹಿಡಿತ ಹೆಚ್ಚುವುದು, ನೋಟಕ್ಕೂ ಗಂಭೀರವಾಗಿರುವುದು ಎಂಬ ಆಸೆ. ಅಗಲ 35 ಮಿ.ಮೀ. ಹೆಚ್ಚಿದರೆ, ಅದರಲ್ಲಿ ಅರ್ಧ ಹೊರಕ್ಕೆ, ಅರ್ಧ ಒಳಕ್ಕೆ. ಹೀಗೆ ಒಳಗಿನ ತೆರಪಿನಲ್ಲಿ 17.5 ಮಿ.ಮೀ. ಕಳೆದುಹೋಯಿತು. ಹೊಸ ರಿಮ್ಮಿನ ಆಕಾರವೂ ಬೇರೆಯಾಗಿದ್ದುದರಿಂದ ಚಕ್ರ ಇನ್ನಷ್ಟು ಒಳಕ್ಕೆ ಸರಿಯಿತು. ಎಡಕ್ಕೆ ಹೊರಳುವ ಪ್ರತಿಯೊಂದು ತಿರುವಿನಲ್ಲಿಯೂ ಬಲಗಡೆಯ ಹಿಂದಿನ ಟೈರು ಸ್ಪ್ರಿಂಗಿಗೆ ಉಜ್ಜತೊಡಗಿತು. ತಿರುವಿನಲ್ಲಿ ರಸ್ತೆಯು ಟೈರಿನ ತಳವನ್ನು ತಿರುವಿನ ಕೇಂದ್ರದ ಕಡೆಗೆ ತಳ್ಳುತ್ತದೆ. ಎಡ ತಿರುವಿನಲ್ಲಿ ಬಲಗಡೆಯ ಟೈರಿಗೆ ಆ ದಿಕ್ಕು ಕಾರಿನ ಒಳಭಾಗವೇ ಆಗಿರುತ್ತದೆ. ಇದಿಷ್ಟನ್ನೂ ನಾವು ಕಪ್ಪುಹಲಗೆಯ ಮೇಲೆ ಬರೆದು ತೋರಿಸಬಲ್ಲವರಾಗಿದ್ದೆವು. ಆದರೂ ಗ್ಯಾರೇಜಿನವರು "ಒಂದೊಂದು ಬಿಲ್ಲೆ ಹಾಕಿಬಿಟ್ಟರೆ ಆಯಿತು ಸಾರ್, ಅರ್ಧ ಗಂಟೆಯ ಕೆಲಸ" ಎಂದಾಗ ಸುಮ್ಮನೆ ತಲೆಯಾಡಿಸಿದೆವು.

ಈ ಬಿಲ್ಲೆಗೆ ಸ್ಪೇಸರ್ ಎಂದು ಹೆಸರು. ಸಾಮಾನ್ಯವಾಗಿ ಅಲ್ಯೂಮಿನಿಯಮ್ ಮಿಶ್ರಲೋಹದ್ದು. ಸ್ಟಡ್ಡುಗಳು ಹಾಯಲು ಅದರಲ್ಲಿ ರಂಧ್ರಗಳಿರುತ್ತವೆ. ಚಕ್ರವನ್ನು ಕಳಚಿ, ಹಬ್ಬಿನ ಮುಖಕ್ಕೆ ಬಿಲ್ಲೆಯನ್ನು ಆನಿಸಿ, ಅದರ ಮೇಲೆ ಚಕ್ರವನ್ನಿಟ್ಟು ನಟ್ಟು ಹಾಕುವುದು ಕ್ರಮ. ಬಿಲ್ಲೆ 10 ಮಿ.ಮೀ. ದಪ್ಪವಿದ್ದರೆ ಚಕ್ರ 10 ಮಿ.ಮೀ. ಹೊರಕ್ಕೆ ಬರುತ್ತದೆ, ಒಳಗಿನ ಉಜ್ಜುವಿಕೆ ನಿಲ್ಲುತ್ತದೆ. ನಮ್ಮ ಕಾರಿನಲ್ಲಿಯೂ ನಿಂತಿತು. ಮುನ್ನೂರು ಕಿಲೋಮೀಟರು ನಿಶ್ಶಬ್ದವಾಗಿ ಓಡಾಡಿ, ಬಿಲ್ಲೆ ಕಂಡುಹಿಡಿದವನನ್ನು ಮನಸ್ಸಿನಲ್ಲಿಯೇ ಹೊಗಳಿಕೊಂಡೆವು.

ಅನಂತರ ಒಂದು ರಜೆಯಲ್ಲಿ ಮನೆಮಂದಿಯನ್ನೆಲ್ಲ ಕೂಡಿಸಿಕೊಂಡು ಕೊಟ್ಟಿಗೆಹಾರದ ಕಡೆಯಿಂದ ಘಟ್ಟವಿಳಿಯುತ್ತಿದ್ದೆವು. ಬ್ರೇಕು ಒತ್ತಿದಾಗಲೆಲ್ಲ ಹಿಂದಿನಿಂದ 'ಟಕ್' ಎಂಬ ಸದ್ದು. ಮೊದಲು ಸಾಮಾನಿನ ಪೆಟ್ಟಿಗೆಯದೆಂದು ಭಾವಿಸಿದೆವು. ಸದ್ದು ಹೆಚ್ಚಿತು. ಹಿಂದೆ ಕುಳಿತಿದ್ದ ತಂದೆಯವರು "ನಿಲ್ಲಿಸಪ್ಪ, ಇದು ಚಕ್ರದ ಸದ್ದು" ಎಂದರು. ಇಳಿದು ನೋಡಿದರೆ, ಬಲಗಡೆಯ ಹಿಂದಿನ ಚಕ್ರದಲ್ಲಿ ಎರಡು ನಟ್ಟುಗಳು ಬೆರಳಿನಿಂದಲೇ ತಿರುಗುವಷ್ಟು ಸಡಿಲವಾಗಿದ್ದವು. ರಸ್ತೆಯ ಒಂದು ಪಕ್ಕದಲ್ಲಿ ಬಂಡೆ, ಇನ್ನೊಂದು ಪಕ್ಕದಲ್ಲಿ ಕಣಿವೆ. ಕಾರಿನೊಳಗೆ ನಮ್ಮ ಮಗು ನಿದ್ದೆ ಮಾಡುತ್ತಿತ್ತು. ಆ ಗಳಿಗೆಯನ್ನು ಇನ್ನೂ ಹೆಚ್ಚು ವರ್ಣಿಸುವ ಇಚ್ಛೆ ನಮಗಿಲ್ಲ. ನಟ್ಟುಗಳನ್ನು ಬಿಗಿದು, ಆಮೆಯ ನಡಿಗೆಯಲ್ಲಿ ಉಜಿರೆ ಸೇರಿ, ಬಿಲ್ಲೆಗಳನ್ನು ತೆಗೆಸಿದೆವು.

ಸ್ನೇಹಿತರಿಗೆ ಈ ಸಂಗತಿಯನ್ನು ಹೇಳಿದಾಗ ಬಹುಮಂದಿ ಒಂದೇ ಮಾತು ಆಡಿದರು: "ಬಿಲ್ಲೆ ಹಾಕಿದರೆ ಬೇರಿಂಗು ಹಾಳಾಗುತ್ತದೆ, ಅದಕ್ಕೇ ಹಾಕಬಾರದು." ಈ ಮಾತು ಎಷ್ಟರ ಮಟ್ಟಿಗೆ ನಿಜವೆಂಬುದನ್ನು ಲೆಕ್ಕದಿಂದ ನೋಡೋಣ. ಜನ ತುಂಬಿದ ಕಾರಿನ ಒಂದು ಚಕ್ರದ ಮೇಲೆ ಸುಮಾರು 3,500 ನ್ಯೂಟನ್ ಭಾರವಿದೆ ಎಂದು ಇಟ್ಟುಕೊಳ್ಳಿ. ಚಕ್ರವನ್ನು 10 ಮಿ.ಮೀ. ಹೊರಕ್ಕೆ ಸರಿಸಿದರೆ ಬೇರಿಂಗಿನ ಮೇಲೆ ಬೀಳುವ ಭ್ರಾಮಕವು ಬಲವನ್ನು ತೋಳಿನ ಉದ್ದದಿಂದ ಗುಣಿಸಿದಷ್ಟು ಹೆಚ್ಚುತ್ತದೆ: 35 ನ್ಯೂಟನ್-ಮೀಟರ್. ಈಗ ಅದೇ ಕಾರು ತಿರುವಿನಲ್ಲಿ ಹೋಗುವಾಗ ರಸ್ತೆಯು ಟೈರನ್ನು ಅಡ್ಡಲಾಗಿ 2,000 ನ್ಯೂಟನ್ ಬಲದಿಂದ ತಳ್ಳಿತೆನ್ನಿ. ಟೈರಿನ ತ್ರಿಜ್ಯ 0.3 ಮೀಟರ್. ಆ ಬಲದ ಭ್ರಾಮಕ 600 ನ್ಯೂಟನ್-ಮೀಟರ್! ದಿನವೂ ಇಷ್ಟನ್ನು ತಾಳಿಕೊಳ್ಳುವ ಬೇರಿಂಗಿಗೆ 35 ಒಂದು ಹೊರೆಯೇ ಅಲ್ಲವೆಂದು ಹೇಳಲಾಗದು. ಕಾಲಾಂತರದಲ್ಲಿ ಸವೆತ ತುಸು ಹೆಚ್ಚೀತು. ಆದರೆ ಪ್ರಾಣಕ್ಕೆ ಅಪಾಯ ತರುವ ಮೂಲ ಇದಲ್ಲ. ಜನ ಹೆದರುವುದು ಒಂದು ಕಡೆಗೆ, ಅಪಾಯವಿರುವುದು ಇನ್ನೊಂದು ಕಡೆಗೆ. ಅಪಾಯವಿರುವುದು ಬೇರಿಂಗಿನಲ್ಲಲ್ಲ, ಬಿಗಿತದಲ್ಲಿ. ಈ ಲೇಖನದಲ್ಲಿ ನಾವು ಹೇಳಬೇಕೆಂದಿರುವುದು ಇದನ್ನೇ.

ಚಕ್ರವು ಸ್ಟಡ್ಡುಗಳಿಗೆ ತೂಗುಹಾಕಿದಂತೆ ನಿಂತಿದೆ ಎಂದು ಹಲವರ ಕಲ್ಪನೆ. ಗೋಡೆಯ ಮೊಳೆಗೆ ಚಿತ್ರಪಟ ತೂಗುಹಾಕಿದ ಹಾಗೆ. ವಾಸ್ತವ ಹಾಗಿಲ್ಲ. ನಟ್ಟನ್ನು ಬಿಗಿದಾಗ ಸ್ಟಡ್ಡು ಒಂದಿಷ್ಟು ಹಿಗ್ಗುತ್ತದೆ. ಹಿಗ್ಗಿದ ಉಕ್ಕು ರಬ್ಬರಿನಂತೆಯೇ ಕುಗ್ಗಲು ಹವಣಿಸುತ್ತದೆ. ಆ ಹವಣಿಕೆಯೇ ಚಕ್ರವನ್ನು ಹಬ್ಬಿಗೆ ಒತ್ತಿ ಹಿಡಿಯುವ ಬಲ. ಹೀಗೆ ಒತ್ತಿಕೊಂಡ ಎರಡು ಮುಖಗಳ ನಡುವಣ ಘರ್ಷಣೆಯೇ ಕಾರಿನ ಭಾರವನ್ನೂ ಬ್ರೇಕಿನ ಎಳೆತವನ್ನೂ ಹೊರುತ್ತದೆ. ಸ್ಟಡ್ಡಿನ ಕೆಲಸ ಒತ್ತುವುದು. ಹೊರುವ ಕೆಲಸ ಘರ್ಷಣೆಯದು.

ಒತ್ತುವ ಈ ಬಲ ಎಷ್ಟು? 12 ಮಿ.ಮೀ. ವ್ಯಾಸದ ಸ್ಟಡ್ಡಿನ ನಟ್ಟನ್ನು 90 ನ್ಯೂಟನ್-ಮೀಟರಿಗೆ ಬಿಗಿದಿದ್ದೇವೆ ಎನ್ನೋಣ. ಒಣಗಿದ ತಿರುಪಿಗೆ ಎಂಜಿನಿಯರರು ಬಳಸುವ ಸ್ಥೂಲ ಸೂತ್ರದಂತೆ, ಬಿಗಿಯುವ ಭ್ರಾಮಕವನ್ನು ವ್ಯಾಸದ ಐದನೆಯ ಒಂದು ಭಾಗದಿಂದ ಭಾಗಿಸಿದರೆ ಸ್ಟಡ್ಡಿನ ಎಳೆತ ದೊರೆಯುತ್ತದೆ. ಉತ್ತರ 37,500 ನ್ಯೂಟನ್. ಎಂದರೆ ಒಂದೊಂದು ಸ್ಟಡ್ಡೂ ಸುಮಾರು ಮೂರೂವರೆ ಟನ್ನಿಗೂ ಮೀರಿದ ತೂಕಕ್ಕೆ ಸಮನಾಗಿ ಒತ್ತುತ್ತದೆ. ನಾಲ್ಕು ಸ್ಟಡ್ಡುಗಳಿಗೆ 1,50,000 ನ್ಯೂಟನ್. ಘರ್ಷಣೆಯ ಗುಣಾಂಕ 0.15 ಎಂದು ಹಿಡಿದರೆ, ಜಾರದೆ ಹಿಡಿದಿಡಬಲ್ಲ ಬಲ 22,500 ನ್ಯೂಟನ್.

ಕಾರಿನ ಭಾರ 3,500 ನ್ಯೂಟನ್ ಮಾತ್ರ. ಆರು ಪಾಲಿಗೂ ಹೆಚ್ಚು ಹಿಡಿತವಿದೆಯಲ್ಲ ಎಂದು ನೀವು ಸಮಾಧಾನಪಡಬಹುದು. ಅವಸರ ಬೇಡ. ಬ್ರೇಕಿನ ಲೆಕ್ಕ ಉಳಿದಿದೆ. ಬ್ರೇಕು ಒತ್ತಿದಾಗ ರಸ್ತೆಯು ಟೈರನ್ನು 3,000 ನ್ಯೂಟನ್ ಬಲದಿಂದ ಹಿಂದಕ್ಕೆ ಎಳೆಯಿತೆನ್ನಿ. 0.3 ಮೀಟರ್ ತ್ರಿಜ್ಯದಲ್ಲಿ ಅದು 900 ನ್ಯೂಟನ್-ಮೀಟರ್ ಭ್ರಾಮಕ. ಆದರೆ ಸ್ಟಡ್ಡುಗಳು ನಿಂತಿರುವ ವೃತ್ತದ ತ್ರಿಜ್ಯ ಕೇವಲ 0.055 ಮೀಟರಿನಷ್ಟು. ದೊಡ್ಡ ಚಕ್ರದ ಅಂಚಿನಲ್ಲಿ ಸಣ್ಣದಾಗಿದ್ದ ಬಲ, ಕೇಂದ್ರದ ಸಮೀಪದಲ್ಲಿ ಸನ್ನೆಯ ನಿಯಮದಂತೆ ದೊಡ್ಡದಾಗುತ್ತದೆ. 900ನ್ನು 0.055ರಿಂದ ಭಾಗಿಸಿ: ಸುಮಾರು 16,400 ನ್ಯೂಟನ್. ಹಿಡಿತವಿರುವುದು 22,500. ಆರು ಪಾಲಿನ ನಿಶ್ಚಿಂತೆ ಹೋಗಿ, ಒಂದೂಕಾಲಿಗಿಂತ ತುಸು ಹೆಚ್ಚಿನ ಅಂತರ ಉಳಿಯಿತು. ಬಿಗಿತ ಅರ್ಧಕ್ಕಿಳಿದರೆ ಹಿಡಿತ 11,250; ಬ್ರೇಕು ಒತ್ತಿದೊಡನೆ ಚಕ್ರ ಹಬ್ಬಿನ ಮೇಲೆ ಜಾರುತ್ತದೆ. ನಮಗೆ ಘಟ್ಟದಲ್ಲಿ ಕೇಳಿಬಂದ 'ಟಕ್' ಎಂಬ ಸದ್ದಿಗೆ ಅರ್ಥ ಇದೇ.

ಇಷ್ಟೊಂದು ಭಾರಿ ಬಿಗಿತ ಮುನ್ನೂರು ಕಿಲೋಮೀಟರಿನಲ್ಲಿ ಹೇಗೆ ಮಾಯವಾದೀತು? ಇಲ್ಲಿಗೆ ಹೂಕನ ನಿಯಮ ಬೇಕು. 37,500 ನ್ಯೂಟನ್ ಎಳೆತದಲ್ಲಿ ಉಕ್ಕಿನ ಸ್ಟಡ್ಡು ಎಷ್ಟು ಹಿಗ್ಗುತ್ತದೆ? ತಿರುಪಿನ ಅಡ್ಡಕೊಯ್ತ 88 ಚದರ ಮಿ.ಮೀ., ಎಳೆತಕ್ಕೆ ಸಿಕ್ಕಿರುವ ಉದ್ದ 20 ಮಿ.ಮೀ., ಉಕ್ಕಿನ ಯಂಗ್ ಗುಣಾಂಕ ಚದರ ಮಿ.ಮೀ.ಗೆ 2,00,000 ನ್ಯೂಟನ್. ಲೆಕ್ಕ ಹಾಕಿದರೆ ಹಿಗ್ಗು 0.043 ಮಿ.ಮೀ. 10 ಮಿ.ಮೀ. ಬಿಲ್ಲೆ ಸೇರಿ ಉದ್ದ 30 ಮಿ.ಮೀ. ಆದರೆ ಹಿಗ್ಗು 0.064 ಮಿ.ಮೀ. ಮನುಷ್ಯನ ತಲೆಗೂದಲಿನ ದಪ್ಪವೂ ಇದರ ಆಸುಪಾಸೇ. ವಾಚಕರು ಒಂದು ಕ್ಷಣ ಇಲ್ಲಿ ನಿಂತು ಯೋಚಿಸಬೇಕು. ಒಂದು ಟನ್ನಿಗೆ ಮಿಕ್ಕ ಕಾರು, ಅದರಲ್ಲಿ ಕುಳಿತ ಐದು ಜೀವ, ಇಷ್ಟಕ್ಕೂ ಆಧಾರ ಒಂದು ಕೂದಲೆಳೆಯಷ್ಟು ಹಿಗ್ಗು!

ಬಿಗಿದ ಮುಖಗಳ ನಡುವೆ ಸಿಕ್ಕಿಕೊಂಡ ವಸ್ತು ಯಾವುದಾದರೂ ಆ ಕೂದಲೆಳೆಯಷ್ಟು ನಜ್ಜುಗುಜ್ಜಾಗಿ ಕುಸಿದರೆ ಸಾಕು, ಎಳೆತ ಪೂರ್ತಿಯಾಗಿ ಇಳಿದುಹೋಗುತ್ತದೆ. ನಮ್ಮ ಬಿಲ್ಲೆಗೆ ಎರಡು ಮುಖಕ್ಕೂ ಚೆಂದಕ್ಕೆಂದು ಬಣ್ಣ ಬಳಿದಿದ್ದರು. ಒಂದು ಪದರ ಬಣ್ಣ 0.04 ಮಿ.ಮೀ. ಇದ್ದರೆ ಎರಡು ಮುಖಕ್ಕೆ 0.08. ಐವತ್ತು ವರ್ಷದ ಹಬ್ಬಿನ ಮೇಲೆ ತುಕ್ಕಿನ ಹಕ್ಕಳೆ ಬೇರೆ ಇದ್ದಿತು. ಅದನ್ನು ಯಾರೂ ಉಜ್ಜಿ ತೆಗೆದಿರಲಿಲ್ಲ. ಚಕ್ರ ಉರುಳಿದಂತೆಲ್ಲ ಬಣ್ಣವೂ ತುಕ್ಕೂ ಅರೆದು ಪುಡಿಯಾದವು. ನಟ್ಟು ಒಂದು ಸುತ್ತೂ ತಿರುಗದೆ ಇದ್ದ ಸ್ಥಳದಲ್ಲಿಯೇ ಸಡಿಲವಾಯಿತು, ತಿರುಗಿದ್ದು ಆಮೇಲೆ. ಬಿಲ್ಲೆಯನ್ನು ಕಳಚಿದಾಗ ಸ್ಟಡ್ಡುಗಳ ಸುತ್ತ ಕಾಡಿಗೆಯಂಥ ಕಪ್ಪು ಪುಡಿ ಅಂಟಿಕೊಂಡಿತ್ತು. ಹಳೆಯ ಉಕ್ಕಿನ ರಿಮ್ಮಿನಲ್ಲಿ ನಟ್ಟಿನ ಕುಳಿಯ ಸುತ್ತಲಿನ ತಗಡು ತುಸು ಬಾಗಿ ಸ್ಪ್ರಿಂಗಿನಂತೆ ನೆರವಾಗುತ್ತದೆ ಎಂಬುದು ನಿಜ. ಆದರೆ ಆ ನೆರವಿಗೂ ಒಂದು ಮಿತಿ ಇದೆ.

ಎರಡನೆಯ ದೋಷ ನಟ್ಟಿನ ಸುತ್ತುಗಳದು. ಬಿಲ್ಲೆಯಿಲ್ಲದೆ ನಮ್ಮ ಕಾರಿನ ನಟ್ಟು ಬಿಗಿಯಾಗುವ ಮುನ್ನ ಹನ್ನೆರಡು ಸುತ್ತು ತಿರುಗುತ್ತಿತ್ತು. ಬಿಲ್ಲೆ ಇಟ್ಟ ಮೇಲೆ ಸ್ಟಡ್ಡಿನಲ್ಲಿ ಉಳಿದದ್ದು ಐದೇ ಸುತ್ತು. ಉಕ್ಕಿನ ತಿರುಪು ನಟ್ಟಿನೊಳಗೆ ಕಡೆಯ ಪಕ್ಷ ತನ್ನ ವ್ಯಾಸದಷ್ಟಾದರೂ ಹೊಕ್ಕಿರಬೇಕೆಂಬುದು ಕಾರ್ಯಾಗಾರದ ಹಳೆಯ ನಿಯಮ. 12 ಮಿ.ಮೀ. ಸ್ಟಡ್ಡು, ಒಂದು ಸುತ್ತಿಗೆ 1.5 ಮಿ.ಮೀ. ಎಂದಾದರೆ ಎಂಟು ಸುತ್ತು ಬೇಕು. ಇದನ್ನು ನೋಡಲು ಪ್ರಯೋಗಶಾಲೆ ಬೇಡ. ನಟ್ಟನ್ನು ಕೈಯಲ್ಲಿ ತಿರುಗಿಸುತ್ತ ಬಾಯಲ್ಲಿ ಎಣಿಸಿದರೆ ಸಾಕು. ನಾವು ಎಣಿಸಲಿಲ್ಲ, ಗ್ಯಾರೇಜಿನವರೂ ಎಣಿಸಲಿಲ್ಲ.

ಬಿಗಿತ ತಪ್ಪಿದ ಸ್ಟಡ್ಡಿಗೆ ಇನ್ನೊಂದು ಗಂಡಾಂತರ ಕಾದಿರುತ್ತದೆ. ಅದರ ಚರಿತ್ರೆ ದೊಡ್ಡದು. 1842ರ ಮೇ 8ರಂದು ಫ್ರಾನ್ಸಿನಲ್ಲಿ ವರ್ಸೇಲ್ಸಿನಿಂದ ಪ್ಯಾರಿಸ್ಸಿಗೆ ಹೊರಟಿದ್ದ ರೈಲಿನ ಎಂಜಿನ್ನಿನ ಅಚ್ಚು ಓಟದಲ್ಲಿಯೇ ತುಂಡಾಯಿತು. ಗಾಡಿಗಳು ಒಂದರ ಮೇಲೊಂದು ಬಿದ್ದು ಬೆಂಕಿ ಹತ್ತಿ ಐವತ್ತಕ್ಕೂ ಹೆಚ್ಚು ಮಂದಿ ಮಡಿದರು. ದಕ್ಷಿಣ ಧ್ರುವದ ಹಿಮಪ್ರದೇಶದವರೆಗೆ ಹೋಗಿ ಬದುಕಿ ಬಂದಿದ್ದ ನಾವಿಕ ದ್ಯೂಮೋಂ ದ್ಯುರ್ವಿಲ್, ಹೆಂಡತಿ ಮಗನೊಂದಿಗೆ ಆ ಬೆಂಕಿಯಲ್ಲಿ ತೀರಿಕೊಂಡನು. ಅಚ್ಚು ಹೊತ್ತಿದ್ದ ಭಾರ ಅದು ತಾಳಲಾರದಷ್ಟೇನೂ ಆಗಿರಲಿಲ್ಲ. ಮತ್ತೇಕೆ ಮುರಿಯಿತು? ಮರುವರ್ಷವೇ ಸ್ಕಾಟ್ಲೆಂಡಿನ ರ‍್ಯಾಂಕಿನ್ ಎಂಬ ತರುಣ ಎಂಜಿನಿಯರನು, ಮುರಿದ ಅಚ್ಚುಗಳನ್ನು ಪರಿಶೀಲಿಸಿ, ದಪ್ಪ ಥಟ್ಟನೆ ಬದಲಾಗುವ ಮೂಲೆಯಲ್ಲಿ ಬಿರುಕು ಹುಟ್ಟಿ, ಸ್ವಲ್ಪ ಸ್ವಲ್ಪವಾಗಿ ಒಳಕ್ಕೆ ಬೆಳೆಯುತ್ತದೆಂದು ತೋರಿಸಿದನು. ಮುಂದೆ 1850 ಮತ್ತು 1860ರ ದಶಕಗಳಲ್ಲಿ ಜರ್ಮನಿಯ ರೈಲ್ವೆಯಲ್ಲಿದ್ದ ಆಗಸ್ಟ್ ವೋಲರ್ ಎಂಬಾತನು ಭಾರ ಹೊತ್ತ ಅಚ್ಚುಗಳನ್ನು ಲಕ್ಷಾಂತರ ಸಲ ತಿರುಗಿಸಿ ನೋಡಿದನು. ಒಂದೇ ಸಲ ಹೇರಿದರೆ ಏನೂ ಮಾಡದ ಭಾರ, ಅತ್ತಿತ್ತ ಬಾಗಿಸುತ್ತ ಲಕ್ಷ ಸಲ ಹೇರಿದಾಗ ಲೋಹವನ್ನು ಮುರಿಯುತ್ತದೆಂದು ಅವನು ಸಿದ್ಧಪಡಿಸಿದನು. ಇದನ್ನೇ ಲೋಹದ ದಣಿವು ಎನ್ನುತ್ತೇವೆ.

ಸರಿಯಾಗಿ ಬಿಗಿದ ಸ್ಟಡ್ಡು ದಣಿಯುವುದಿಲ್ಲ. ಏಕೆಂದರೆ ಅದರ ಎಳೆತ ಸದಾ ಒಂದೇ ಸಮನಾಗಿರುತ್ತದೆ, ರಸ್ತೆಯ ಏರುಪೇರನ್ನೆಲ್ಲ ಒತ್ತಿಕೊಂಡ ಮುಖಗಳು ತಾವೇ ನುಂಗಿಬಿಡುತ್ತವೆ. ಬಿಗಿತ ಹೋದೊಡನೆ ಸ್ಟಡ್ಡು ಚಕ್ರದ ಒಂದೊಂದು ಸುತ್ತಿಗೂ ಒಮ್ಮೆ ಅತ್ತ, ಒಮ್ಮೆ ಇತ್ತ ಬಾಗತೊಡಗುತ್ತದೆ. ಟೈರಿನ ಸುತ್ತಳತೆ ಸುಮಾರು 2 ಮೀಟರ್. ಎಂದರೆ ಕಿಲೋಮೀಟರಿಗೆ 500 ಸುತ್ತು, ನೂರು ಕಿಲೋಮೀಟರಿಗೆ 50,000. ವೋಲರನ ಯಂತ್ರವನ್ನೇ ನಾವು ಮನೆಮಂದಿಯನ್ನು ಕೂಡಿಸಿಕೊಂಡು ಘಟ್ಟದಲ್ಲಿ ಓಡಿಸುತ್ತಿದ್ದೆವೆಂದಾಯಿತು. ಸಡಿಲವಾದ ನಟ್ಟನ್ನು ಮತ್ತೆ ಬಿಗಿದರೆ ಹಿಂದಿನ ದಣಿವು ಅಳಿಸಿಹೋಗುವುದಿಲ್ಲ. ಆದುದರಿಂದ ಆ ಚಕ್ರದ ಸ್ಟಡ್ಡುಗಳನ್ನೆಲ್ಲ ಅನಂತರ ಬದಲಾಯಿಸಿಬಿಟ್ಟೆವು. ಅವು ನೋಟಕ್ಕೆ ಚೆನ್ನಾಗಿಯೇ ಇದ್ದವು.

ಇಲ್ಲಿಗೆ ಬಿಲ್ಲೆಯ ಮೇಲಿನ ಆಪಾದನೆ ಮುಗಿಯಿತು. ಅದರ ಪಕ್ಷವನ್ನೂ ಕೇಳದೆ ತೀರ್ಪು ಕೊಡುವುದು ಸಲ್ಲದು. ಬಿಲ್ಲೆ ಹಾಕಿಕೊಂಡು ವರ್ಷಗಟ್ಟಲೆ ಸುಖವಾಗಿ ಓಡಾಡಿದವರು ಬೇಕಾದಷ್ಟು ಮಂದಿ ಇದ್ದಾರೆ. ಪೋರ್ಷೆಯಂಥ ತಯಾರಕರೇ ತಮ್ಮ ಕೆಲವು ಮಾದರಿಗಳಿಗೆ ಕಾರ್ಖಾನೆಯಲ್ಲಿಯೇ ಸ್ಪೇಸರನ್ನು ಅಳವಡಿಸಿ ಕೊಟ್ಟಿದ್ದಾರೆ. ಮೇಲಿನ ಲೆಕ್ಕವನ್ನು ಗಮನಿಸಿದವರಿಗೆ ಇನ್ನೊಂದು ಸಂಗತಿಯೂ ಹೊಳೆದಿರಬೇಕು. ಬಿಲ್ಲೆಯ ಜೊತೆಗೆ ಅದರ ದಪ್ಪಕ್ಕೆ ತಕ್ಕ ಉದ್ದದ ಸ್ಟಡ್ಡನ್ನೂ ಹಾಕಿದರೆ ಹಿಗ್ಗು 0.043ರಿಂದ 0.064 ಮಿ.ಮೀ.ಗೆ ಏರುತ್ತದೆ, ಹೆಚ್ಚು ಹಿಗ್ಗಿದ ಸ್ಟಡ್ಡು ಚಿಕ್ಕಪುಟ್ಟ ಕುಸಿತವನ್ನು ಇನ್ನೂ ಚೆನ್ನಾಗಿ ತಾಳಿಕೊಳ್ಳುತ್ತದೆ. ಒಪ್ಪವಾಗಿ ಕಡೆದ, ಬಣ್ಣವಿಲ್ಲದ, ಹಬ್ಬಿನ ನಡುವಣ ಉಬ್ಬಿಗೆ ಸರಿಯಾಗಿ ಕೂರುವ ಬಿಲ್ಲೆ. ತಕ್ಕ ಉದ್ದದ ಸ್ಟಡ್ಡು. ಉಜ್ಜಿ ಶುಚಿಗೊಳಿಸಿದ ಹಬ್ಬು. ಅಳೆದು ಬಿಗಿದ ನಟ್ಟು. ಐವತ್ತು, ನೂರು ಕಿಲೋಮೀಟರು ಓಡಿಸಿದ ಮೇಲೆ ಮತ್ತೊಮ್ಮೆ ಬಿಗಿತದ ಪರೀಕ್ಷೆ. ಇಷ್ಟೂ ಇದ್ದರೆ ಬಿಲ್ಲೆಯ ಮೇಲೆ ನಮ್ಮ ತಕರಾರಿಲ್ಲ. ಆದುದರಿಂದ ಬಿಲ್ಲೆಯನ್ನು ನಿಷೇಧಿಸಬೇಕೆಂಬ ಸ್ನೇಹಿತರ ಮಾತನ್ನು ನಾವು ಒಪ್ಪುವುದಿಲ್ಲ. ಬಿಲ್ಲೆಗೆ ಬದಲಾಗಿ ಒಂದೊಂದು ಸ್ಟಡ್ಡಿಗೂ ನಾಲ್ಕಾರು ವಾಷರು ತೂರಿಸಿ ಚಕ್ರವನ್ನು ಹೊರಕ್ಕೆ ತರುವ ಪದ್ಧತಿಯನ್ನು ಮಾತ್ರ ಕಂಡಲ್ಲಿ ತಡೆಯಬೇಕು. ಅಲ್ಲಿ ಒತ್ತಿಕೊಳ್ಳಲು ಮುಖವೇ ಇಲ್ಲ. ಘರ್ಷಣೆ ನಿಲ್ಲುವುದಾದರೂ ಎಲ್ಲಿ?

ಮುಂದಿನ ಚಕ್ರಗಳಿಗೆ ಬಿಲ್ಲೆ ಹಾಕುವವರು ಇನ್ನೊಂದು ವಿಷಯವನ್ನು ಮನಸ್ಸಿನಲ್ಲಿಡಬೇಕು. ಮುಂದಿನ ಚಕ್ರ ಓರೆಯಾಗಿ ನಿಂತ ಒಂದು ಅಚ್ಚಿನ ಸುತ್ತ ತಿರುಗುತ್ತದೆ. ಆ ಅಚ್ಚಿನ ಗೆರೆ ನೆಲವನ್ನು ಮುಟ್ಟುವ ಬಿಂದುವಿಗೂ ಟೈರಿನ ನಡುಗೆರೆಗೂ ಇರುವ ದೂರವನ್ನು ತಯಾರಕರು ಯೋಚಿಸಿಯೇ ನಿಗದಿ ಮಾಡಿರುತ್ತಾರೆ. 20 ಮಿ.ಮೀ. ಬಿಲ್ಲೆ ಆ ದೂರವನ್ನು ಸುಮಾರು ಅಷ್ಟೇ ಹೆಚ್ಚಿಸುತ್ತದೆ. ಒಂದು ಚಕ್ರ ಮಾತ್ರ ಗುಂಡಿಗೆ ಬಿದ್ದು 3,000 ನ್ಯೂಟನ್ ಬಲ ತಾಗಿದರೆ, ಸ್ಟಿಯರಿಂಗನ್ನು ಕೈಯಿಂದ ಕಿತ್ತುಕೊಳ್ಳಲು 60 ನ್ಯೂಟನ್-ಮೀಟರ್ ಭ್ರಾಮಕ ಹೆಚ್ಚಾಗಿ ಒದಗುತ್ತದೆ. ಗುಂಡಿಗಳಿಗೆ ಬರವಿಲ್ಲದ ನಮ್ಮ ರಸ್ತೆಗಳಲ್ಲಿ ಇದು ಉಪೇಕ್ಷಿಸುವ ಮಾತಲ್ಲ.

ಹಾಗಾದರೆ ತಪ್ಪು ಯಾರದು? ನಮ್ಮ ಅಭಿಪ್ರಾಯದಲ್ಲಿ ಮೊದಲ ತಪ್ಪು ನಮ್ಮದೇ. ಉಜ್ಜುವ ಟೈರು ಒಂದು ಪ್ರಶ್ನೆಯನ್ನು ಕೇಳುತ್ತಿತ್ತು: ಐವತ್ತು ವರ್ಷ ಉಜ್ಜದೆ ಇದ್ದ ನಾನು ಈಗೇಕೆ ಉಜ್ಜುತ್ತಿದ್ದೇನೆ? ಆ ಪ್ರಶ್ನೆಗೆ ಉತ್ತರ ಹುಡುಕದೆ ನಾವು ಅದರ ಬಾಯಿ ಮುಚ್ಚಿಸಿದೆವು. ಜ್ವರ ಬಂದವನಿಗೆ ತಣ್ಣೀರು ಪಟ್ಟಿ ಹಾಕಿ ರೋಗ ವಾಸಿಯಾಯಿತೆಂದು ನಂಬಿದ ಹಾಗೆ. ಹಳೆಯ ಕಾರಿನಲ್ಲಿ ಟೈರು ಉಜ್ಜಲು ಕಾರಣಗಳು ಹಲವು: ಟೈರಿನ ಅಗಲ, ರಿಮ್ಮಿನ ಆಕಾರ, ಕುಸಿದ ಸ್ಪ್ರಿಂಗು, ಸವೆದ ರಬ್ಬರ್ ಬುಷ್, ಆಟಕ್ಕೆ ಬಂದ ಬೇರಿಂಗು. ಇವುಗಳಲ್ಲಿ ಕಡೆಯ ಮೂರು ಕಾರಣಗಳಿಗೆ ಬಿಲ್ಲೆ ಹಾಕುವುದೆಂದರೆ ರೋಗವನ್ನು ಹೊದಿಕೆಯಿಂದ ಮುಚ್ಚಿಟ್ಟಂತೆ. ಒಳಗಿನ ಉಜ್ಜುವಿಕೆಯನ್ನು ತಪ್ಪಿಸಿದ ಬಿಲ್ಲೆ, ಕುಸಿದ ಸ್ಪ್ರಿಂಗಿನ ಕಾರಿನಲ್ಲಿ ಟೈರಿನ ಹೊರಮಗ್ಗುಲನ್ನು ಮಡ್‌ಗಾರ್ಡಿನ ಅಂಚಿಗೆ ಒಡ್ಡಲೂಬಹುದು.

ಎರಡನೆಯ ತಪ್ಪು ಮಾರಾಟದ ಪದ್ಧತಿಯದು. ನಮಗೆ ಕೊಟ್ಟ ಬಿಲ್ಲೆಯ ಜೊತೆಯಲ್ಲಿ ಒಂದು ಚೂರು ಕಾಗದವೂ ಇರಲಿಲ್ಲ. ಎರಡು ರೂಪಾಯಿಯ ಮಾತ್ರೆಗೂ ಅದರಲ್ಲಿ ಏನಿದೆ, ಯಾವಾಗ ತಯಾರಾಯಿತು ಎಂದು ಬರೆದಿರುವ ದೇಶದಲ್ಲಿ, ಚಕ್ರವನ್ನು ಹಿಡಿದಿಡುವ ಲೋಹಕ್ಕೆ ಹೆಸರಿಲ್ಲ, ಅಳತೆಯಿಲ್ಲ, ಎಷ್ಟು ಬಿಗಿಯಬೇಕೆಂಬ ಸೂಚನೆಯಿಲ್ಲ. ಜರ್ಮನಿಯಲ್ಲಿ ಇಂಥ ಬಿಲ್ಲೆಗಳಿಗೆ ಪರೀಕ್ಷಾವರದಿ ಇರಬೇಕು. ಯಾವ ಕಾರಿಗೆ, ಯಾವ ಉದ್ದದ ಬೋಲ್ಟು ಎಂಬುದನ್ನೆಲ್ಲ ನಮೂದಿಸಬೇಕು. ನಮ್ಮಲ್ಲಿಯೂ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣವು, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆಂದು ವಿಧಿಸುತ್ತದೆ. ಐವತ್ತು ವರ್ಷ ದಾಟಿದ ವಾಹನಗಳನ್ನು ಮೂಲರೂಪದಲ್ಲಿ ಉಳಿಸಿಕೊಂಡವರಿಗಾಗಿ 2021ರಲ್ಲಿ ಪ್ರತ್ಯೇಕ ನೋಂದಣಿ ನಿಯಮಗಳೂ ಬಂದಿವೆ. ಆದರೆ ಕಾನೂನು ಗ್ಯಾರೇಜಿನ ಜಾಕಿನ ಪಕ್ಕದಲ್ಲಿ ಬಂದು ಕೂರುವುದಿಲ್ಲ. ಬಿಲ್ಲೆ ಮಾರುವವನು ದಪ್ಪ, ಲೋಹ, ಸ್ಟಡ್ಡಿನ ಉದ್ದ, ಬಿಗಿತ ಈ ನಾಲ್ಕನ್ನು ಕನ್ನಡದಲ್ಲಿ ಅಚ್ಚುಹಾಕಿಸಿ ಕೊಡಬೇಕು. ಕೊಳ್ಳುವವನು ಅದಿಲ್ಲದೆ ಕೊಳ್ಳಕೂಡದು. ಇದು ದೊಡ್ಡ ಬೇಡಿಕೆಯೇನೂ ಅಲ್ಲ.

ಮೂರನೆಯ ತಪ್ಪು ನಮ್ಮ ಶಿಕ್ಷಣದ್ದು. ಎಂದರೆ ಮತ್ತೆ ನಮ್ಮಂಥವರದೇ. ಘರ್ಷಣೆಯ ಗುಣಾಂಕವನ್ನು ಮರದ ತುಂಡಿನ ಮೇಲೆ ಅಳೆಸುತ್ತೇವೆ. ಯಂಗ್ ಗುಣಾಂಕವನ್ನು ತಂತಿಯ ಮೇಲೆ ಅಳೆಸುತ್ತೇವೆ. ಪ್ರಯೋಗದ ಪುಸ್ತಕ ಮುಚ್ಚಿದೊಡನೆ ಆ ಅಂಕಿಗಳು ಅಲ್ಲಿಯೇ ಮಲಗುತ್ತವೆ. ಮೆಕ್ಯಾನಿಕ್ ಕೈಯಲ್ಲಿ ಸ್ಪ್ಯಾನರಿದೆ, ಲೆಕ್ಕವಿಲ್ಲ; ಅಧ್ಯಾಪಕನ ತಲೆಯಲ್ಲಿ ಲೆಕ್ಕವಿದೆ, ಕೈಯಲ್ಲಿ ಸ್ಪ್ಯಾನರಿಲ್ಲ. ಇವೆರಡರ ನಡುವಣ ತೆರಪಿನಲ್ಲಿಯೇ ನಮ್ಮ ನಟ್ಟು ಸಡಿಲವಾದದ್ದು. ಗ್ಯಾರೇಜಿನ ಆ ಹುಡುಗನನ್ನು ನಾವು ದೂರಲಾರೆವು. ಬಿಗಿತವು ಕೂದಲೆಳೆಯ ಲೆಕ್ಕವೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾಗಿದ್ದ ನಾವು ಪಕ್ಕದಲ್ಲಿಯೇ ನಿಂತು ಚಹ ಕುಡಿಯುತ್ತಿದ್ದೆವು.

ಈಗ ಕಾರಿಗೆ ಮೂಲ ಅಗಲಕ್ಕೆ ಸಮೀಪವಾದ ಟೈರುಗಳನ್ನೂ ಹಳೆಯ ರಿಮ್ಮುಗಳನ್ನೂ ಹಾಕಿಸಿದ್ದೇವೆ. ಸ್ಪ್ರಿಂಗಿನ ಪಟ್ಟಿಗಳನ್ನು ಬಿಚ್ಚಿಸಿ ಮತ್ತೆ ಕಮಾನು ಕಟ್ಟಿಸಿದೆವು. ಟೈರಿಗೂ ಸ್ಪ್ರಿಂಗಿಗೂ ನಡುವೆ ಮತ್ತೆ ಎರಡು ಬೆರಳು ನುಗ್ಗುತ್ತವೆ. ಬಿಲ್ಲೆ ಬೇಕಾಗಲೇ ಇಲ್ಲ. ಅದನ್ನು ನಾವು ಎಸೆಯಲಿಲ್ಲ. ಕಾಲೇಜಿನ ಪ್ರಯೋಗಶಾಲೆಯ ಮೇಜಿನ ಮೇಲೆ ಇಟ್ಟಿದ್ದೇವೆ. ಪ್ರತಿ ವರ್ಷವೂ ಹೊಸ ವಿದ್ಯಾರ್ಥಿಗಳಿಗೆ ಅದನ್ನು ಕೊಟ್ಟು, ಸ್ಕ್ರೂಗೇಜಿನಿಂದ ಉಳಿದ ಬಣ್ಣದ ದಪ್ಪವನ್ನು ಅಳೆಯಿರಿ, ಸ್ಟಡ್ಡಿನ ಹಿಗ್ಗನ್ನು ಲೆಕ್ಕ ಹಾಕಿರಿ, ಎರಡನ್ನೂ ಹೋಲಿಸಿರಿ ಎಂದು ಹೇಳುತ್ತೇವೆ. ಲೆಕ್ಕ ಮುಗಿದ ಮೇಲೆ ಕೆಲವರು ಸಂಜೆ ಮನೆಗೆ ಹೋಗಿ ತಂದೆಯ ಬಂಡಿಯ ನಟ್ಟುಗಳನ್ನು ಮುಟ್ಟಿ ನೋಡುತ್ತಾರಂತೆ. ವಾಚಕರಲ್ಲಿಯೂ ನಾವು ಬೇಡುವುದು ಇಷ್ಟೇ. ನಿಮ್ಮ ಮನೆಯಲ್ಲಿ ಕಾರಿರಲಿ, ಜೀಪಿರಲಿ, ಅದರ ಚಕ್ರವನ್ನು ಮುಂದಿನ ಸಲ ಕಳಚಿದಾಗ ಪಕ್ಕದಲ್ಲಿ ನಿಲ್ಲಿರಿ. ನಟ್ಟು ಎಷ್ಟು ಸುತ್ತು ತಿರುಗುತ್ತದೆಂದು ಎಣಿಸಿರಿ.